ಎಂಡೊಮೆಟ್ರಿಯೋಸಿಸ್‌ | ಕಾವಲು ಕೋಶಗಳೇ ನೋವು ಬೆಳೆಸಿದಾಗ

‘ಎಲ್ಲ ಹೆಣ್ಮಕ್ಕಳಿಗೂ ಇರೋದೇ ಕಣಮ್ಮ, ಮದುವೆ ಆದ್ಮೇಲೆ ಸರಿಹೋಗುತ್ತೆ.’ ಕಾಲೇಜು ದಿನಗಳಿಂದಲೂ ನನ್ನ ಮುಟ್ಟಿನ ನೋವಿಗೆ ಸಿಕ್ಕ ಉತ್ತರ ಇದೊಂದೇ. ಅದರ ಹೆಸರು ಎಂಡೊಮೆಟ್ರಿಯೋಸಿಸ್‌ ಅಂತ ಗೊತ್ತಾಗೋಕೆ ಏಳು ವರ್ಷ ಹಿಡಿಯಿತು.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಕಿಬ್ಬೊಟ್ಟೆಯ ಒಳಪೊರೆ, ಕೆಲವೊಮ್ಮೆ ಕರುಳಿನ ಮೇಲೆ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಸುಮಾರು ಶೇ.10ರಷ್ಟು ಹೆಣ್ಣುಮಕ್ಕಳಿಗೆ, ಜಗತ್ತಿನಾದ್ಯಂತ 19 ಕೋಟಿ ಮಂದಿಗೆ ಇದೆ.

ಆ ಅಂಗಾಂಶ ಅಲ್ಲಿಗೆ ಹೋಗೋದಾದರೂ ಹೇಗೆ? 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್‌ ಸ್ಯಾಂಪ್ಸನ್‌ ಕೊಟ್ಟ ವಿವರಣೆಯೇ ಇಂದಿಗೂ ಹೆಚ್ಚು ಚಾಲ್ತಿಯಲ್ಲಿದೆ: ಮುಟ್ಟಿನ ರಕ್ತದ ಒಂದು ಪಾಲು ಅಂಡನಾಳಗಳ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ. ತಮಾಷೆ ನೋಡಿ, ಈ ಹಿಮ್ಮುಖ ಹರಿವು ನಿಜಕ್ಕೂ ಬಹುತೇಕ ‘ಎಲ್ಲರಿಗೂ ಇರೋದೇ’. ಕಾಯಿಲೆ ಮಾತ್ರ ಹತ್ತರಲ್ಲಿ ಒಬ್ಬರಿಗೆ. ಈ ವ್ಯತ್ಯಾಸದ ಹಿಂದೆ ವಂಶವಾಹಿ, ಈಸ್ಟ್ರೋಜನ್‌ ಜೊತೆಗೆ ರೋಗನಿರೋಧಕ ಕೋಶಗಳ ಕೈವಾಡವೂ ಇದೆ ಅನ್ನುತ್ತದೆ ವಿಜ್ಞಾನ.

ಅದರಲ್ಲಿ ಮುಖ್ಯವಾದದ್ದು ಮ್ಯಾಕ್ರೋಫೇಜ್‌. ಸತ್ತ ಕೋಶ, ಕಸಕಡ್ಡಿ ನುಂಗಿ ಚೊಕ್ಕಟ ಮಾಡುವುದು ಇದರ ಕೆಲಸ. ದೇಹದ ಪೌರಕಾರ್ಮಿಕ ಅಂದುಕೊಳ್ಳಿ. ಈ ಕಾಯಿಲೆ ಇರುವವರ ಕಿಬ್ಬೊಟ್ಟೆಯ ದ್ರವದಲ್ಲಿ ಮ್ಯಾಕ್ರೋಫೇಜ್‌ಗಳ ಸಂಖ್ಯೆ ಹೆಚ್ಚು, ನುಂಗುವ ಶಕ್ತಿ ಕಡಿಮೆ. ದಾರಿ ತಪ್ಪಿದ ಅಂಗಾಂಶವನ್ನು ಅವು ವಾಸಿಯಾಗಬೇಕಾದ ಗಾಯದಂತೆ ಆರೈಕೆ ಮಾಡುತ್ತವೆ. ವಿಇಜಿಎಫ್‌ ಎಂಬ ಪ್ರೋಟೀನ್‌ ಸುರಿಸಿ ಹೊಸ ರಕ್ತನಾಳ ಬೆಳೆಸುತ್ತವೆ. ಐಜಿಎಫ್‌-1 ಎಂಬ ಇನ್ನೊಂದು ಪ್ರೋಟೀನ್‌ ಅಲ್ಲಿನ ನರಗಳನ್ನು ಚಿಗುರಿಸಿ, ಸಣ್ಣದಕ್ಕೂ ಕಿರುಚುವಷ್ಟು ಸೂಕ್ಷ್ಮಗೊಳಿಸುತ್ತದೆ. ಇಲಿಗಳಲ್ಲಿ ಇದರ ಹಾದಿ ತಡೆದಾಗ ನೋವಿನ ಲಕ್ಷಣಗಳು ತಗ್ಗಿದವು. ಇತ್ತ, ಬೇಡದ ಕೋಶಗಳನ್ನು ಕೊಲ್ಲಬೇಕಾದ ‘ನ್ಯಾಚುರಲ್‌ ಕಿಲ್ಲರ್‌’ ಕೋಶಗಳೂ ಮಂಕಾಗಿರುತ್ತವೆ.

ಅಂದರೆ ಈ ನೋವಿಗೆ ನರವಿದೆ, ರಕ್ತನಾಳವಿದೆ. ‘ನಾಟಕ’ ಅಂದವರಿಗೆ ನಾನು ಈಗ ಇದನ್ನೇ ವಿವರಿಸೋದು.

ಚಿಕಿತ್ಸೆ ಮಾತ್ರ ಇನ್ನೂ ಹಾರ್ಮೋನ್‌ ಮಾತ್ರೆ, ನೋವಿನ ಮಾತ್ರೆ, ಆಪರೇಷನ್‌ ಸುತ್ತಲೇ ಇದೆ. ರೋಗನಿರೋಧಕ ಕೋಶಗಳನ್ನೇ ಗುರಿಯಾಗಿಸುವ ಔಷಧಿ ಸಂಶೋಧನೆಯ ಹಂತ ದಾಟಿಲ್ಲ.

ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿತು. ಸ್ವಾಗತ. ಆದರೆ ರಜೆ ಹಾಕಿ ಮಲಗಿದವಳ ಕಾಯಿಲೆ ಪತ್ತೆ ಮಾಡೋರು ಯಾರು? ಸಣ್ಣ ಗಾಯಗಳು ಸ್ಕ್ಯಾನಿಂಗ್‌ನಲ್ಲಿ ಕಾಣದೇ ಹೋಗಬಹುದು. ಹಲವರಿಗೆ ಲ್ಯಾಪರೋಸ್ಕೋಪಿಯೇ ಬೇಕಾಗುತ್ತದೆ. ನನ್ನ ಮೊದಲ ಎರಡು ರಿಪೋರ್ಟ್‌ಗಳಲ್ಲಿ ‘ನಾರ್ಮಲ್‌’ ಅಂತಲೇ ಬರೆದಿತ್ತು.