ಗ್ಲೈಡರುಗಳ ಎಳೆಹಗ್ಗ: ಒಂದು ಚಾರಿತ್ರಿಕ ವಿಚಾರ

ಯಂತ್ರದ ಸಹಾಯವಿಲ್ಲದೆ ಕೇವಲ ರೆಕ್ಕೆಗಳ ಬಲದಿಂದ ಗಾಳಿಯಲ್ಲಿ ಜಾರುತ್ತ ಸಾಗುವ ವಿಮಾನಕ್ಕೆ ಗ್ಲೈಡರೆಂದು ಹೆಸರು. ಇದು ತಾನಾಗಿ ಸಮತಲ ನೆಲವನ್ನು ಬಿಟ್ಟು ಏಳಲಾರದು. ಮತ್ತೊಂದು ವಿಮಾನವು ಹಗ್ಗದಿಂದ ಎಳೆದು ಮೇಲೇರಿಸುವುದು ಒಂದು ಕ್ರಮ. ಈ ಕ್ರಮದಲ್ಲಿ ಸಂಭವಿಸಿದ ಅಪಾಯಗಳ ಚರಿತ್ರೆಯೇ ಪ್ರಕೃತ ಲೇಖನದ ವಿಷಯ. ಪುಷ್ಪಕವೇ ಮೊದಲಾದವುಗಳಲ್ಲಿ ಇದರ ಮೂಲವನ್ನು ಅರಸುವ ಶ್ರಮವನ್ನು ನಾವು ಕೈಕೊಂಡಿಲ್ಲ. ಹಗ್ಗವು ಕಡಿಯುವುದೇ ಈ ಅಪಾಯಗಳಿಗೆ ಕಾರಣವೆಂದು ಲೋಕದಲ್ಲಿ ಒಂದು ಭಾವನೆಯುಂಟು. ಇದನ್ನೇ ಪೂರ್ವಪಕ್ಷವೆಂದು ಇಟ್ಟುಕೊಂಡು ವಿಚಾರಿಸೋಣ.

ಜರ್ಮನಿಯ ಆಟೋ ಲಿಲಿಯೆಂಟಾಲನು ಹಗ್ಗವನ್ನು ಅವಲಂಬಿಸಿದವನಲ್ಲ. ಗುಡ್ಡದಿಂದ ಓಡಿ ಜಿಗಿಯುತ್ತಿದ್ದನು. ೧೮೯೬ನೆಯ ಆಗಸ್ಟ್ ೯ರಂದು ಬಿದ್ದು ಮರುದಿನ ತೀರಿಕೊಂಡನು. ಅವನಿಂದ ವಿದ್ಯೆಯನ್ನು ಗ್ರಹಿಸಿದ ಪರ್ಸಿ ಪಿಲ್ಚರನು ಇಂಗ್ಲೆಂಡಿನಲ್ಲಿ ಕುದುರೆಗಳಿಂದ ಹಗ್ಗವನ್ನು ಎಳೆಸಿ ಮೇಲೇರತೊಡಗಿದನು. ೧೮೯೯ನೆಯ ಸೆಪ್ಟೆಂಬರ್ ೩೦ರಂದು ಸ್ಟ್ಯಾನ್‌ಫರ್ಡ್ ಹಾಲಿನಲ್ಲಿ, ಮಳೆಯ ದಿನ, ನೆರೆದ ಅತಿಥಿಗಳನ್ನು ನಿರಾಶೆಗೊಳಿಸಲಾರದೆ ಹಾರಿದನು. ಬಾಲದ ಭಾಗ ಮುರಿದು ಬಿದ್ದು ಎರಡು ದಿನಗಳ ಮೇಲೆ ಮೃತನಾದನು. ಅಲ್ಲಿ ಮುರಿದುದು ಬಾಲವೇ ಹೊರತು ಹಗ್ಗವಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಮೊದಲನೆಯ ಮಹಾಯುದ್ಧವಾದ ಮೇಲೆ ವರ್ಸೇಲ್ಸ್ ಒಪ್ಪಂದವು ಜರ್ಮನಿಗೆ ಯುದ್ಧವಿಮಾನಗಳನ್ನು ನಿಷೇಧಿಸಿತು. ಅಲ್ಲಿಯ ತರುಣರು ವಾಸರ್‌ಕುಪ್ಪೆ ಬೆಟ್ಟದ ಮೇಲೆ ಗ್ಲೈಡರ್ ವಿದ್ಯೆಯನ್ನು ಬೆಳೆಸಿದರು. ೧೯೨೭ರಲ್ಲಿ ಗೆರ್ಹಾರ್ಡ್ ಫೀಸೆಲರನು ತನ್ನ ವಿಮಾನದ ಹಿಂದೆ ಗಾಟ್ಲೋಬ್ ಎಸ್ಪೆನ್‌ಲಾಬನ ಗ್ಲೈಡರನ್ನು ಎಳೆದನು. ಮುಂದಣ ದಶಕದ ಆದಿಯಲ್ಲಿ ಪೀಟರ್ ರೀಡೆಲ್ ಮೊದಲಾದವರು ಈ ಕ್ರಮವನ್ನು ವ್ಯವಸ್ಥೆಗೊಳಿಸಿದರು. ಬೆಟ್ಟವಿಲ್ಲದ ಬಯಲುಸೀಮೆಯಲ್ಲೂ ಹಾರುವುದು ಸುಲಭವಾಯಿತು. ಆದರೆ ಅಂದಿನಿಂದ ಇಬ್ಬರ ಪ್ರಾಣಗಳು ಒಂದೇ ಹಗ್ಗಕ್ಕೆ ಸೇರಿದವು.

ಇಲ್ಲಿಯ ಮುಖ್ಯ ಅಪಾಯವು ಹೇಗೆಂದರೆ: ಹಿಂದಿನ ಗ್ಲೈಡರು ತನ್ನ ಸ್ಥಾನಕ್ಕಿಂತ ಮೇಲಕ್ಕೆ ಏರಿಬಿಟ್ಟರೆ, ಹಗ್ಗವು ಮುಂದಿನ ವಿಮಾನದ ಬಾಲವನ್ನು ಮೇಲಕ್ಕೆ ಜಗ್ಗುತ್ತದೆ. ಬಾಲ ಎದ್ದರೆ ಮೂಗು ತಗ್ಗುವುದು. ಚಾಲಕನು ಹಿಡಿಯನ್ನು ಎಷ್ಟು ಹಿಂದಕ್ಕೆಳೆದರೂ ಆ ಸೆಳೆತವನ್ನು ಮೀರಲಾರನು. ಇದೆಲ್ಲವೂ ಕೆಲವೇ ಕ್ಷಣಗಳ ಮಾತು. ನೆಲವು ಹತ್ತಿರವಿದ್ದರೆ ಆತನಿಗೆ ಉಳಿವಿಲ್ಲ. ಗ್ಲೈಡರಿನವನೋ ಹಗ್ಗವನ್ನು ಬಿಟ್ಟು ಸುಖವಾಗಿ ಇಳಿಯುವುದುಂಟು. ತಪ್ಪು ಒಬ್ಬನದು, ದಂಡ ಇನ್ನೊಬ್ಬನಿಗೆ. ಮೂಗಿನ ತುದಿಯ ಕೊಕ್ಕೆಗಿಂತ ಹೊಟ್ಟೆಯ ಕೆಳಗಿನ ಕೊಕ್ಕೆಯಿಂದ ಎಳೆಸಿಕೊಂಡಾಗ ಗ್ಲೈಡರು ಮೇಲಕ್ಕೆ ನುಗ್ಗುವ ಭಯ ಹೆಚ್ಚು.

ಇದರ ಪರಿಹಾರಕ್ಕೆಂದು ಹಗ್ಗದಲ್ಲಿ ಒಂದು ದುರ್ಬಲವಾದ ಕೊಂಡಿಯನ್ನು ಸೇರಿಸುವರು. ಮಿತಿಮೀರಿದ ಸೆಳೆತಕ್ಕೆ ಅದು ಮೊದಲು ಕಡಿಯಬೇಕು. ಆದುದರಿಂದ ಕಡಿಯುವುದೇ ಇಲ್ಲಿ ಗುಣ! ಆದರೆ ಇಷ್ಟರಿಂದ ತೃಪ್ತರಾಗಲಾಗದು. ಬಾಲವನ್ನು ಎತ್ತಲು ಬೇಕಾದ ಬಲವು ಕೊಂಡಿಯನ್ನು ಕಡಿಯುವ ಬಲಕ್ಕಿಂತ ಬಹಳ ಕಡಮೆಯಾಗಿರಬಹುದು. ಕೆಲವು ಬಗೆಯ ಕೊಕ್ಕೆಗಳು ಮೇಲ್ಮುಖವಾದ ಸೆಳೆತದಲ್ಲಿ ಬಿಗಿದುಕೊಂಡು, ಚಾಲಕನು ಬಿಡಿಸಹೋದರೂ ಬಿಡವು. ಕಡಿಯದ ಹಗ್ಗವೇ ಆಗ ಮೃತ್ಯುಪಾಶವಾಗುತ್ತದೆ.

ಪೂರ್ವಪಕ್ಷಕ್ಕೆ ಬಲ ಬಂದುದು ಎರಡನೆಯ ಮಹಾಯುದ್ಧದಿಂದ. ೧೯೪೨ನೆಯ ನವೆಂಬರ್ ೧೯ರಂದು ನಾರ್ವೆಯ ವೆಮೋರ್ಕ್ ಕಾರ್ಖಾನೆಯನ್ನು ಕೆಡಿಸಲು ಹೊರಟ ಎರಡು ಗ್ಲೈಡರುಗಳಲ್ಲಿ ಒಂದರ ಹಗ್ಗವು ಹಿಮ ಕಟ್ಟಿ ಕಡಿಯಿತು. ಇನ್ನೊಂದನ್ನು ಎಳೆದ ವಿಮಾನವು ಬೆಟ್ಟಕ್ಕೆ ಬಡಿಯಿತು. ಬಿದ್ದು ಸತ್ತವರು, ಬದುಕುಳಿದು ಸೆರೆಯಾಗಿ ಕೊಲ್ಲಲ್ಪಟ್ಟವರು ಸೇರಿ ೪೧ ಮಂದಿ ಅಳಿದರು. ೧೯೪೩ರ ಜುಲೈಯಲ್ಲಿ ಸಿಸಿಲಿಯ ಮೇಲೆ ಹೋದ ೧೪೪ ಗ್ಲೈಡರುಗಳಲ್ಲಿ ೬೦ಕ್ಕೂ ಮಿಕ್ಕವು ಸಮುದ್ರಕ್ಕೆ ಬಿದ್ದವು. ಆದರೆ ಅಲ್ಲಿ ಹಗ್ಗಗಳು ಕಡಿದುವೆಂದಲ್ಲ. ಕತ್ತಲು, ಇದಿರುಗಾಳಿ, ಗುಂಡಿನ ಮಳೆಗಳ ನಡುವೆ ದಡಕ್ಕೆ ದೂರದಲ್ಲೇ ಅವುಗಳನ್ನು ಬಿಟ್ಟುಬಿಟ್ಟರು. ನಮ್ಮ ದೇಶದ ಅಸ್ಸಾಮಿನ ಲಾಲಾಘಾಟಿನಿಂದ ೧೯೪೪ರ ಮಾರ್ಚ್ ೫ರ ರಾತ್ರಿ ಬರ್ಮಾದ ಕಾಡಿಗೆ ಹೊರಟ ಗ್ಲೈಡರುಗಳನ್ನಾದರೋ ಎರಡೆರಡಾಗಿ ಒಂದೇ ವಿಮಾನಕ್ಕೆ ಕಟ್ಟಿದ್ದರು. ಭಾರವೂ ಮಿತಿಮೀರಿತ್ತು. ಬೆಟ್ಟಗಳ ಮೇಲೆ ಹಗ್ಗಗಳು ಒಂದೊಂದಾಗಿ ಕಡಿದು ಹಲವು ಗ್ಲೈಡರುಗಳು ದಾರಿಯಲ್ಲೇ ಬಿದ್ದವು. ಅನಂತರ ಒಂದು ವಿಮಾನಕ್ಕೆ ಒಂದೇ ಎಂದು ಅಧಿಕಾರಿಗಳು ಗೊತ್ತುಮಾಡಿದರು. ಹಗ್ಗದ ಮೇಲೆ ದೋಷ ಹೊರಿಸುವುದಕ್ಕಿಂತ ಭಾರ ಹೊರಿಸಿದವರನ್ನು ಕೇಳುವುದು ನ್ಯಾಯವೆಂದು ನಮಗೆ ತೋರುತ್ತದೆ. ಈ ಯುದ್ಧಕಾಲದಲ್ಲೇ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿಯೂ ಹತ್ತು ಆಸನಗಳ ಒಂದು ಗ್ಲೈಡರು ಸಿದ್ಧವಾಯಿತೆಂಬುದು ಪ್ರಾಸಂಗಿಕವಾಗಿ ಸ್ಮರಣೀಯ.

ಇಂದಿನ ಗ್ಲೈಡರ್ ಶಾಲೆಗಳ ನಿಯಮಗಳು ಈ ಅನುಭವಗಳ ಫಲವೇ. ಮುಂದಿನ ವಿಮಾನವು ಕಣ್ಣಿಗೆ ಮರೆಯಾದೊಡನೆ ಗ್ಲೈಡರಿನವನು ಹಗ್ಗವನ್ನು ಬಿಡಬೇಕು. ಬಿಡುವ ಸಾಧನ ಎರಡು ತುದಿಗಳಲ್ಲಿಯೂ ಇರಬೇಕು. ಮುಂದಿನವನು ರೆಕ್ಕೆಗಳನ್ನು ಓಲಾಡಿಸಿದರೆ ‘ಕೂಡಲೇ ಬಿಡು’ ಎಂದರ್ಥ. ಬಾಲದ ಚುಕ್ಕಾಣಿಯನ್ನು ಅಲ್ಲಾಡಿಸಿದರೆ ‘ನಿನ್ನ ರೆಕ್ಕೆಯ ತಡೆಹಲಗೆಗಳು ತೆರೆದಿರಬಹುದು, ನೋಡಿಕೊ’ ಎಂದರ್ಥ. ಈ ಎರಡನೆಯದನ್ನು ಮೊದಲನೆಯದೆಂದು ಭ್ರಮಿಸಿ, ತಡೆಹಲಗೆಗಳು ತೆರೆದಿರುವಂತೆಯೇ ತಗ್ಗಿನಲ್ಲಿ ಹಗ್ಗವನ್ನು ಬಿಟ್ಟು ನೆಲಕ್ಕೆ ಬಿದ್ದವರುಂಟು. ಅಲ್ಲಿ ಹಗ್ಗವು ಗಟ್ಟಿಯಾಗಿತ್ತು, ಕೊಕ್ಕೆಯೂ ಸರಿಯಾಗಿತ್ತು. ಸಂಕೇತದ ಅರ್ಥಗ್ರಹಣವೊಂದೇ ತಪ್ಪಿತ್ತು.