ಹಿಚಿನ್‌ನಿಂದ ಸೇಂಟ್ ಆಂಡ್ರ್ಯೂಸ್‌ಗೆ: ಬಾಲಕಿಯರ ವಸತಿ ಶಾಲೆಗಳ ‘ಹೌಸ್’ ಪದ್ಧತಿಯ ಮೂಲವನ್ನು ಕುರಿತು

ಬ್ರಿಟನ್ನಿನ ಬಾಲಕಿಯರ ವಸತಿ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಗೊಂಡ ಹೌಸ್ ಪದ್ಧತಿಯು ಬಾಲಕರ ಪಬ್ಲಿಕ್ ಶಾಲೆಗಳ ನೇರ ಅನುಕರಣೆ ಎಂಬ ಮಾತು ಶಿಕ್ಷಣ ಚರಿತ್ರೆಯಲ್ಲಿ ಬಹುಮಟ್ಟಿಗೆ ಒಪ್ಪಿತವಾಗಿದೆ. ಇಲ್ಲಿ ಹೌಸ್ ಎಂದರೆ ಕೇವಲ ಮಲಗುವ ಕಟ್ಟಡವಲ್ಲ. ಒಬ್ಬ ಮೇಲ್ವಿಚಾರಕಿಯ ಆಶ್ರಯದಲ್ಲಿ ಬೇರೆ ಬೇರೆ ವಯಸ್ಸಿನ ಹುಡುಗಿಯರು ಒಟ್ಟಿಗೆ ಉಂಡು, ಓದಿ, ಆಡಿ, ತಮ್ಮದೇ ಹೆಸರು, ಬಣ್ಣ, ನಾಯಕಿಯರನ್ನು ಹೊಂದಿ ಬಾಳುವ ಶಾಲೆಯೊಳಗಿನ ಘಟಕ. ಕನ್ನಡದ ‘ಮನೆ’ ಎಂಬ ಪದದಲ್ಲಿ ಕಟ್ಟಡವೂ ಕುಟುಂಬವೂ ಒಟ್ಟಿಗೆ ಅಡಗಿರುವುದರಿಂದ, ಆ ಎರಡರ ನಡುವಣ ಅಂತರವನ್ನೇ ಕುರಿತ ಈ ಚರ್ಚೆಗೆ ‘ಹೌಸ್’ ಎಂಬುದನ್ನೇ ಉಳಿಸಿಕೊಳ್ಳಲಾಗಿದೆ.

ಈ ವಿಷಯದ ಅಧ್ಯಯನಗಳ ಮುಖ್ಯ ನಿಲುವುಗಳು ಪರಿಚಿತವೇ. ಗೃಹಿಣಿಯೊಬ್ಬಳು ಮನೆಯಂತೆಯೇ ನಡೆಸುತ್ತಿದ್ದ ಸಣ್ಣ ಖಾಸಗಿ ಶಾಲೆಯಿಂದ ಸಾರ್ವಜನಿಕ ಸ್ವರೂಪದ ದೊಡ್ಡ ಶಾಲೆಯ ಕಡೆಗಿನ ಚಲನೆಯನ್ನು ಜಾಯ್ಸ್ ಪೆಡರ್ಸನ್ ಗುರುತಿಸಿದರು. ಹುಡುಗಿಯರು ಕುಲೀನ ಸ್ತ್ರೀಯ ನಡತೆಗೂ ಪುರುಷರ ವಿದ್ಯೆಯ ಮಾನದಂಡಕ್ಕೂ ಏಕಕಾಲದಲ್ಲಿ ತಲೆಬಾಗಬೇಕಾಗಿದ್ದುದನ್ನು ಸಾರಾ ಡೆಲಮಾಂಟ್ ‘ಇಮ್ಮಡಿ ಅನುಸರಣೆ’ ಎಂಬ ಪರಿಕಲ್ಪನೆಯಿಂದ ವಿವರಿಸಿದರು. ಮಾರ್ಥಾ ವಿಸಿನಸ್ 1985ರ ತಮ್ಮ ಗ್ರಂಥದಲ್ಲಿ ಈ ಶಾಲೆಗಳನ್ನು ಅವಿವಾಹಿತ ಸ್ತ್ರೀಯರು ಕಟ್ಟಿಕೊಂಡ ಸಮುದಾಯಗಳ ಸಾಲಿನಲ್ಲಿಟ್ಟು ನೋಡಿದರು. ಇವುಗಳಲ್ಲಿ ಯಾವುದನ್ನೂ ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅನುಕರಣೆಯ ವಾದವು ಒಂದು ಸರಳ ಪ್ರಶ್ನೆಯನ್ನು ಕೇಳದೆ ಮುಂದೆ ಸಾಗುತ್ತದೆ: ಈ ಹೌಸ್‌ಗಳನ್ನು ರೂಪಿಸಿದ ಸ್ತ್ರೀಯರು ಅದಕ್ಕೆ ಮುನ್ನ ಸ್ವತಃ ಎಂತಹ ಹೌಸ್‌ಗಳಲ್ಲಿ ಬಾಳಿದ್ದರು?

ಬಾಲಕಿಯರಿಗೆ ಹೌಸ್ ಪದ್ಧತಿಯನ್ನು ಮೊದಲು ವ್ಯವಸ್ಥಿತವಾಗಿ ಅಳವಡಿಸಿದ ಶಾಲೆಯೆಂದು ಸಾಮಾನ್ಯವಾಗಿ ಹೆಸರಿಸಲಾಗುವುದು ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ಪಟ್ಟಣದಲ್ಲಿ 1877ರಲ್ಲಿ ಆರಂಭವಾಗಿ ಮುಂದೆ ಸೇಂಟ್ ಲೆನರ್ಡ್ಸ್ ಎಂದು ಪ್ರಸಿದ್ಧವಾದ ಶಾಲೆಯನ್ನು. ಅದರ ಮೊದಲ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡೆನ್. ಆಕೆಯೊಂದಿಗೆ ಹೋದವರು ಫ್ರಾನ್ಸಿಸ್ ಡವ್ ಮತ್ತು ಕಾನ್‌ಸ್ಟನ್ಸ್ ಮೇನಾರ್ಡ್. ಈ ಮೂವರೂ ಅದಕ್ಕೆ ಮುಂಚೆ ಡೊರೊತಿಯಾ ಬೀಲ್ ಅವರ ಚೆಲ್ಟನಮ್ ಲೇಡೀಸ್ ಕಾಲೇಜಿನಲ್ಲಿ ಪಾಠ ಹೇಳಿದ್ದರು. ಅದಕ್ಕೂ ಹಿಂದೆ, ಎಮಿಲಿ ಡೇವಿಸ್ 1869ರಲ್ಲಿ ಹಿಚಿನ್ ಎಂಬ ಊರಿನ ಬಾಡಿಗೆ ಮನೆಯೊಂದರಲ್ಲಿ ಐವರು ವಿದ್ಯಾರ್ಥಿನಿಯರೊಂದಿಗೆ ತೆರೆದ, 1873ರಲ್ಲಿ ಗರ್ಟನ್‌ಗೆ ಸ್ಥಳಾಂತರವಾದ ಮಹಿಳಾ ಕಾಲೇಜಿನಲ್ಲಿ ಓದಿದ್ದರು. ಲಮ್ಸ್‌ಡೆನ್ ಆ ಐವರಲ್ಲಿ ಒಬ್ಬರು. ಗಂಡುಮಕ್ಕಳ ಶಾಲೆಯ ಹೌಸ್ ಈ ಮೂವರಿಗೂ ಸೋದರರ ಮಾತು, ಕಾದಂಬರಿ, ಕೀರ್ತಿಗಳ ಮೂಲಕ ಗೊತ್ತಿದ್ದೀತೇ ಹೊರತು ಅನುಭವದಿಂದಲ್ಲ. ಹಿಚಿನ್‌ನಲ್ಲಿ ಆರಂಭವಾದ ಆ ಕಾಲೇಜಿನ ವಸತಿಯಲ್ಲಾದರೋ ಅವರು ವರ್ಷಗಟ್ಟಲೆ ಬಾಳಿದವರು.

ಆ ಬಾಳಿನಲ್ಲಿ ಜಗಳವೂ ಇತ್ತು ಎಂಬುದು ಇಲ್ಲಿ ಮುಖ್ಯ. 1871ರಲ್ಲಿ ವಿದ್ಯಾರ್ಥಿನಿಯರು ಶೇಕ್ಸ್‌ಪಿಯರನ ನಾಟಕಗಳ ದೃಶ್ಯಗಳನ್ನು ಗಂಡುಡುಗೆಯಲ್ಲಿ ಅಭಿನಯಿಸಿದಾಗ ಎಮಿಲಿ ಡೇವಿಸ್ ಆಕ್ಷೇಪಿಸಿದರು. ಕಾಲೇಜಿನ ಭವಿಷ್ಯಕ್ಕೆ ಅಪವಾದ ತಟ್ಟಬಾರದೆಂಬುದು ಅವರ ಆತಂಕ, ವಯಸ್ಕರಾದ ತಮ್ಮ ನಡತೆಯನ್ನು ತಾವೇ ನಿರ್ಣಯಿಸಬೇಕೆಂಬುದು ವಿದ್ಯಾರ್ಥಿನಿಯರ ಪಟ್ಟು. ಹೊರಗಿನ ಕಣ್ಣಿಗೆ ಒಪ್ಪಿತವಾಗುವ ಶಿಸ್ತು ಮತ್ತು ಒಳಗಿನವರ ಸ್ವಯಂ ಆಡಳಿತ ಎಂಬ ಈ ಎರಡು ಬೇಡಿಕೆಗಳ ತಿಕ್ಕಾಟವೇ ಮುಂದೆ ಬಾಲಕಿಯರ ಹೌಸ್‌ನ ಮೌಲ್ಯವ್ಯವಸ್ಥೆಯ ನಡುವೆ ನಿಂತಿತು ಎಂದು ಈ ಲೇಖನವು ಸೂಚಿಸುತ್ತದೆ. ಮೌನದ ನಿಯಮವನ್ನು ಬಿಗಿಯಾಗಿ ಪಾಲಿಸುತ್ತಿದ್ದ, ಸ್ಪರ್ಧೆಯನ್ನು ಅಷ್ಟಾಗಿ ನಂಬದ ಬೀಲ್ ಅವರ ಚೆಲ್ಟನಮ್ಮಿನಲ್ಲಿ ಮೊದಲನೆಯ ಬೇಡಿಕೆಗೆ ಹೆಚ್ಚು ತೂಕವಿತ್ತು. ಅಲ್ಲಿಂದ ಹೊರಬಂದವರು ಸೇಂಟ್ ಆಂಡ್ರ್ಯೂಸ್‌ನಲ್ಲಿ ಎರಡನೆಯದಕ್ಕೆ ಹೆಚ್ಚು ಎಡೆಗೊಟ್ಟರು.

ಈ ಸೂಚನೆಗೆ ಮಿತಿಗಳುಂಟು. ಒಂದೆಡೆ ಬಾಳಿದವರು ಅದೇ ಮಾದರಿಯನ್ನು ಇನ್ನೊಂದೆಡೆ ಕಟ್ಟಿದರು ಎಂಬುದು ಕಾಲಾನುಕ್ರಮದ ಸಾಕ್ಷ್ಯವೇ ಹೊರತು ಕಾರಣದ ಸಾಕ್ಷ್ಯವಲ್ಲ. ವಿದ್ಯಾರ್ಥಿ ನಾಯಕತ್ವ, ಹೌಸ್‌ಗಳ ನಡುವಣ ಪಂದ್ಯ ಮೊದಲಾದವು ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಆರ್ನಲ್ಡ್ ನಂತರದ ಬಾಲಕರ ಶಾಲೆಗಳಿಂದ ಬಂದವೆಂಬುದನ್ನು ನಿರಾಕರಿಸಲಾಗದು. ಇಪ್ಪತ್ತು ದಾಟಿದ ಕಾಲೇಜು ವಿದ್ಯಾರ್ಥಿನಿಯರ ಸ್ವಾತಂತ್ರ್ಯವನ್ನು ಹನ್ನೆರಡರ ಬಾಲೆಗೆ ಇಡಿಯಾಗಿ ಕೊಡುವುದೂ ಸಾಧ್ಯವಿರಲಿಲ್ಲ. ಆದರೂ ಬಾಲಕರ ಶಾಲೆಗಳಿಂದ ಬಾರದೆ ಉಳಿದುದರ ಕಡೆಗೂ ಕಣ್ಣು ಹಾಯಿಸಬೇಕು. ಹಿರಿಯ ಹುಡುಗರಿಗೆ ಕಿರಿಯರು ಚಾಕರಿ ಮಾಡುವ ‘ಫ್ಯಾಗಿಂಗ್’ ಪದ್ಧತಿಯಾಗಲಿ ಬೆತ್ತದೇಟಾಗಲಿ ಬಾಲಕಿಯರ ಹೌಸ್‌ಗಳಲ್ಲಿ ಸಾಮಾನ್ಯವಾಗಿ ಬೇರೂರಲಿಲ್ಲ. ಇದನ್ನು ಸಮಾನತೆಯ ಲಕ್ಷಣವೆಂದು ಹೊಗಳುವ ಮುನ್ನ, ಆ ಚಾಕರಿಯನ್ನು ಮಾಡಲು ಸಂಬಳದ ಸೇವಕಿಯರಿದ್ದರು ಎಂಬುದನ್ನು ಮರೆಯಬಾರದು.

1882ರಲ್ಲಿ ಲಮ್ಸ್‌ಡೆನ್ ಅವರ ಸ್ಥಾನಕ್ಕೆ ಬಂದು, 1896ರಲ್ಲಿ ವಿಕಮ್ ಅಬೆ ಶಾಲೆಯನ್ನು ಸ್ಥಾಪಿಸಿದ ಡವ್ ಅವರ ಬರಹದಲ್ಲಿ ಈ ಮೌಲ್ಯಗಳ ಇನ್ನೊಂದು ಮುಖ ಕಾಣುತ್ತದೆ. ಬೀಲ್ ಮತ್ತು ಲೂಸಿ ಸೋಲ್ಸ್‌ಬಿ ಅವರೊಡನೆ 1898ರಲ್ಲಿ ಪ್ರಕಟಿಸಿದ ಪುಸ್ತಕದ ತಮ್ಮ ಭಾಗದಲ್ಲಿ ಅವರು ಆಟವನ್ನು ಆರೋಗ್ಯಕ್ಕೆ ಮಾತ್ರವಲ್ಲದೆ ಸಂಘಟನಾ ಶಕ್ತಿ, ಸಂಯಮ, ಸಂಘಭಾವಗಳಿಗೂ ಅಗತ್ಯವೆಂದು ವಾದಿಸಿ, ಆ ಗುಣಗಳನ್ನು ದೇಶದ ಮೇಲುಗೈಯೊಂದಿಗೆ ಜೋಡಿಸುತ್ತಾರೆ. ಸಾಮ್ರಾಜ್ಯದ ಈ ದನಿ ಬಾಲಕರ ಶಾಲೆಗಳದೇ. ಆದರೆ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕೇ ಇಲ್ಲದಿದ್ದ ಹುಡುಗಿಯರಿಗೆ ಹೌಸ್‌ನ ನಾಯಕತ್ವವು ಎಲ್ಲಿಯ ಹೊಣೆಗೆ ಸಿದ್ಧತೆಯಾಗಿತ್ತು? ಡವ್ ಸ್ವತಃ 1907ರಲ್ಲಿ ಹೈ ವಿಕಮ್ ಪಟ್ಟಣದ ಪೌರಸಭೆಗೆ ಆಯ್ಕೆಯಾದುದು ಒಂದು ಉತ್ತರವಾಗಬಹುದು. ಮರುವರ್ಷ ಅಧ್ಯಕ್ಷ ಪದವಿಗೆ ಅವರ ಹೆಸರು ಬಂದರೂ ಅದು ಅವರಿಗೆ ದಕ್ಕಲಿಲ್ಲ.

ಕರ್ನಾಟಕದ ಅನೇಕ ಶಾಲೆಗಳಲ್ಲಿ ಇಂದು ಹೌಸ್ ಎಂದರೆ ಕ್ರೀಡಾಕೂಟದ ದಿನದ ಕೆಂಪು, ನೀಲಿ, ಹಸಿರು, ಹಳದಿ ತಂಡ. ಸಂಜೆ ಮಕ್ಕಳೆಲ್ಲ ತಂತಮ್ಮ ಮನೆಗೆ ಮರಳುವುದರಿಂದ ಹೆಸರಷ್ಟೇ ಉಳಿದಿದೆ. ವಸತಿಯಿಂದ ಬೇರ್ಪಟ್ಟ ಹೌಸ್‌ನಲ್ಲಿ ಇಲ್ಲಿ ಚರ್ಚಿಸಿದ ತಿಕ್ಕಾಟ ಹೇಗೆ ಮಾರ್ಪಡುತ್ತದೆ ಎಂಬುದು ಬೇರೆಯೇ ಅಧ್ಯಯನದ ವಸ್ತು. ಪ್ರಸ್ತುತ ವಾದಕ್ಕೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ. ಇಲ್ಲಿ ಆಧರಿಸಿರುವುದು ಸಂಸ್ಥಾಪಕಿಯರ ಜೀವನಕ್ರಮವನ್ನು ಮತ್ತು ಬರಹವನ್ನು. ನಾಯಕಿಯಾಗದೆ ಉಳಿದ ಹುಡುಗಿಗೂ, ಅದೇ ಸೂರಿನಡಿ ಹಾಸಿಗೆ ಹಾಸುತ್ತಿದ್ದ ಸೇವಕಿಗೂ ಸ್ವಯಂ ಆಡಳಿತವೆಂಬುದು ಅನುಭವಕ್ಕೆ ಬಂದಿತ್ತೇ ಎಂಬುದನ್ನು ಪತ್ರಗಳು, ಮನೆಖರ್ಚಿನ ಲೆಕ್ಕಗಳು ಮೊದಲಾದ ಬೇರೆ ಬಗೆಯ ಆಕರಗಳಿಂದ ಪರೀಕ್ಷಿಸಬೇಕಾಗಿದೆ.