ಕೂಡಿ ಓದಿದಾಗ ಕಾಣುವ ಇತಿಹಾಸ

ಕೂಡಿ ಕುಳಿತು ಓದುವುದು ಕನ್ನಡ ನಾಡಿಗೆ ಹೊಸದಲ್ಲ. ಊರ ಚಾವಡಿಯಲ್ಲಿ, ಗುಡಿಯ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ರಾಗವಾಗಿ ವಾಚಿಸಿದರೆ, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಕೇಳಿ ಚರ್ಚಿಸುತ್ತಿದ್ದರು. ಕಾದಂಬರಿ ಬಂದ ಮೇಲೆ ಓದು ಬಹುಮಟ್ಟಿಗೆ ಏಕಾಂತದ ಕೆಲಸವಾಯಿತು. ಐತಿಹಾಸಿಕ ಕಾದಂಬರಿಯ ಮಟ್ಟಿಗಾದರೂ ಆ ಹಳೆಯ ರೂಢಿ ಮತ್ತೆ ಬೇಕು. ಏಕೆಂಬುದಕ್ಕೆ ಒಂದು ಉದಾಹರಣೆ ನೋಡೋಣ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಪ್ರಕಟವಾಯಿತು. ಕೊಡಗಿನ ಕೊನೆಯ ಅರಸನ ಪತನವೇ ಅದರ ವಸ್ತು. ಅರಸ ವ್ಯಸನಿ, ಕ್ರೂರಿ. ಮಂತ್ರಿಗಳೂ ಪ್ರಜೆಗಳೂ ಬೇಸತ್ತಿದ್ದರು. ಆಗ ಇಂಗ್ಲಿಷರು ಬಂದರು. ಒಬ್ಬರೇ ಓದಿ ಪುಸ್ತಕ ಮುಚ್ಚಿದರೆ ಇಷ್ಟೇ ನೆನಪಿನಲ್ಲಿ ಉಳಿಯಬಹುದು. ಐದಾರು ಮಂದಿ ಸೇರಿ ಓದಿದರೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಈ ಚಿತ್ರ ಎಲ್ಲಿಂದ ಬಂತು?

ದಾಖಲೆಗಳತ್ತ ತಿರುಗೋಣ. ಚಿಕವೀರ ರಾಜೇಂದ್ರ ಪಟ್ಟಕ್ಕೆ ಬಂದದ್ದು 1820ರಲ್ಲಿ. 1832ರಲ್ಲಿ ಅವನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚನ್ನಬಸವ ಮೈಸೂರು ಸೀಮೆಗೆ ಓಡಿಹೋಗಿ ಇಂಗ್ಲಿಷರ ಆಶ್ರಯ ಪಡೆದರು. ಅವರನ್ನು ಒಪ್ಪಿಸಬೇಕೆಂದು ಅರಸ ಕೇಳಿದ, ಕಂಪನಿ ಒಪ್ಪಲಿಲ್ಲ. ಕಂಪನಿ ಕಳುಹಿಸಿದ ದೂತನನ್ನು ಅರಸ ಸೆರೆಯಲ್ಲಿಟ್ಟ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಮಡಿಕೇರಿಯನ್ನು ಹಿಡಿಯಿತು. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಕೊಡಗಿನ ಜನರೇ ಒಮ್ಮತದಿಂದ ಕಂಪನಿಯ ಆಳ್ವಿಕೆಯನ್ನು ಬಯಸಿದರೆಂದು ಸಾರಿತು.

ಆದರೆ ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ದಂಗೆ ಎದ್ದರು. ಕೊಡಗಿಗೆ ಸೇರಿದ್ದ ಆ ಸೀಮೆಯನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತ್ತು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣವಾಗಿ ಕೊಡಬೇಕಾಯಿತು. ಬಂಡಾಯಗಾರರು ಹಾಲೇರಿ ವಂಶದ ಹೆಸರಿನಲ್ಲಿಯೇ ಜನರನ್ನು ಕೂಡಿಸಿ, ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡಿದ್ದರು. ಎಲ್ಲರೂ ಅರಸನನ್ನು ದ್ವೇಷಿಸುತ್ತಿದ್ದರೆಂಬುದು ನಿಜವಾಗಿದ್ದರೆ ಆ ವಂಶದ ಹೆಸರಿಗೆ ಇಷ್ಟು ಬಲವೆಲ್ಲಿಂದ ಬಂತು?

ಅರಸನ ದುರಾಚಾರದ ಕಥೆಗಳನ್ನು ಬರೆದಿಟ್ಟವರು ಯಾರೆಂಬುದನ್ನೂ ಗಮನಿಸಬೇಕು. ಹರ್ಮನ್ ಮೋಗ್ಲಿಂಗ್ ಕೊಡಗಿನ ಬಗ್ಗೆ ಬರೆದ ಪುಸ್ತಕ ಹೊರಬಂದದ್ದು 1855ರಲ್ಲಿ, ರಾಜ್ಯ ಹೋಗಿ ಇಪ್ಪತ್ತು ವರ್ಷ ಕಳೆದ ಮೇಲೆ. ಅರಮನೆಯ ವೃತ್ತಾಂತವಾದ ‘ರಾಜೇಂದ್ರನಾಮೆ’ಯಾದರೋ 1807ಕ್ಕೇ ನಿಲ್ಲುತ್ತದೆ. ಹೀಗಾಗಿ ಕೊನೆಯ ಅರಸನ ಕಥೆಯನ್ನು ನಾವು ಹೆಚ್ಚಾಗಿ ಗೆದ್ದವರ ಕಡೆಯಿಂದಲೇ ಕೇಳುತ್ತಿದ್ದೇವೆ. ಹಾಗೆಂದು ಅರಸ ನಿರಪರಾಧಿಯೆಂದು ಹೇಳುವಂತಿಲ್ಲ. ಅವನ ಕ್ರೌರ್ಯ ಒಂದು ಪ್ರಶ್ನೆ. ಅದು ಕಂಪನಿಗೆ ರಾಜ್ಯವನ್ನು ನುಂಗುವ ಹಕ್ಕು ಕೊಟ್ಟಿತೇ ಎಂಬುದು ಬೇರೆಯೇ ಪ್ರಶ್ನೆ. 1852ರಲ್ಲಿ ಅದೇ ಅರಸ ಲಂಡನ್ನಿಗೆ ಹೋಗಿ, ತನ್ನ ಹಣಕ್ಕಾಗಿ ಕಂಪನಿಯ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿದ. 1859ರಲ್ಲಿ ಅಲ್ಲಿಯೇ ತೀರಿಕೊಂಡ.

ಇದರಿಂದ ಕಾದಂಬರಿಯ ಬೆಲೆ ಕುಗ್ಗುವುದಿಲ್ಲ. ದಾಖಲೆ ಹೇಳದ ಅಂತರಂಗವನ್ನು ಊಹಿಸುವುದು ಕಾದಂಬರಿಕಾರರ ಹಕ್ಕು. ಅಧಿಕಾರದ ಮನೆ ಒಳಗಿನಿಂದ ಹೇಗೆ ಕುಸಿಯುತ್ತದೆ ಎಂಬುದನ್ನು ಮಾಸ್ತಿಯವರಷ್ಟು ಸಮಾಧಾನದಿಂದ ಹೇಳಿದವರು ವಿರಳ. ಊಹೆ ಯಾವುದು, ಆಧಾರ ಯಾವುದು ಎಂದು ವಿಂಗಡಿಸುವುದು ಮಾತ್ರ ಓದುಗರ ಹೊಣೆ.

ವಿದ್ಯಾರ್ಥಿ ಮಿತ್ರರು ನಿಮ್ಮ ಶಾಲೆ, ಕಾಲೇಜಿನಲ್ಲಿ ಐದಾರು ಮಂದಿಯ ಓದುಕೂಟ ಕಟ್ಟಿಕೊಳ್ಳಿ. ವಾರಕ್ಕೆ ಕೆಲವು ಅಧ್ಯಾಯಗಳು ಸಾಕು. ಒಬ್ಬರು ಗಟ್ಟಿಯಾಗಿ ಓದಲಿ. ಒಬ್ಬರು ಭೂಪಟ ಹಿಡಿಯಲಿ. ಒಬ್ಬರು ಇಸವಿಗಳನ್ನು ಗುರುತು ಹಾಕಿ ಗ್ರಂಥಾಲಯದ ಇತಿಹಾಸ ಪುಸ್ತಕದೊಡನೆ ಹೋಲಿಸಲಿ. ಒಬ್ಬರು ಅರಸನ ಪರ, ಇನ್ನೊಬ್ಬರು ಮಂತ್ರಿ ಬೋಪಣ್ಣನ ಪರ ಮಾತನಾಡಲಿ. ಮುಂದೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನೂ ಹೀಗೆಯೇ ಓದಬಹುದು. ಎಲ್ಲರೂ ಒಂದೇ ತೀರ್ಮಾನಕ್ಕೆ ಬರಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಮಾತಿಗೆ ಆಧಾರ ತೋರಿಸಬಲ್ಲವರಾದರೆ ಸಾಕು.